ಮುತ್ತುವಿನ ಹೊಟ್ಟೆಯಲ್ಲಿದ್ದದ್ದು ಕೂದಲಲ್ಲ

ಆ ಬೆಳಿಗ್ಗೆ ಮುತ್ತು ಓಕರಿಸಿದಾಗ ನಾನು ಹೊಲಿಗೆ ಮಷಿನ್ ನಿಲ್ಲಿಸಲೂ ಇಲ್ಲ.

ಮುತ್ತು ನನ್ನ ಅಕ್ಕನ ಬೆಕ್ಕು. ಬಿಳಿ, ಉದ್ದ ಕೂದಲು. ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೊರಟ ಅಕ್ಕ, ಅದನ್ನು ಸೊರಬದಿಂದ ಬುಟ್ಟಿಯಲ್ಲಿ ಕೂರಿಸಿಕೊಂಡು ಬಂದು ಶಿಕಾರಿಪುರದ ನಮ್ಮ ಮನೆಯಲ್ಲಿ ಬಿಟ್ಟಿದ್ದಳು. "ಆಗಾಗ ಕೂದಲುಂಡೆ ಕಕ್ಕುತ್ತೆ, ಹೆದರ್ಕಬೇಡ ಮಾರಾಯ್ತಿ" ಎಂದಿದ್ದಳು. ಮೈ ನೆಕ್ಕುವಾಗ ಹೊಟ್ಟೆಗೆ ಹೋದ ಕೂದಲು ಹಾಗೆ ಹೊರಬರುತ್ತದಂತೆ. ಬಂದ ಹೊಸದರಲ್ಲೇ ಅದನ್ನೂ ಕಂಡೆ. ಕತ್ತು ಚಾಚಿ, ಖಕ್ ಖಕ್ ಎಂದು ಕೆಮ್ಮಿ, ಬತ್ತಿಯಂಥ ಒದ್ದೆ ಕೂದಲನ್ನು ಹಾಕಿ, ಏನೂ ಆಗದ ಹಾಗೆ ತಟ್ಟೆಯ ಕಡೆ ನಡೆಯಿತು.

ಹಾಗಾಗಿ ಈ ಸಲವೂ ಕೂದಲೆಂದುಕೊಂಡೆ. ಆದರೆ ಏನೂ ಬರಲಿಲ್ಲ. ಬರೀ ನೊರೆ. ಸಂಜೆ ನೋಡಿದರೆ ಹಾಕಿದ ಊಟ ಹಾಗೇ ಇತ್ತು.

"ಉಂಡೆ ಸಿಕ್ಕಂಡಿರ್ಬೇಕು. ನಾಳೆ ಹೊರಗ ಬರ್ತೈತೆ ಬಿಡು" ಎಂದರು ನನ್ನ ಗಂಡ. ಮದುವೆಗಳ ಕಾಲ, ಬ್ಲೌಸುಗಳ ರಾಶಿ ಎದುರಿಗಿತ್ತು. ನನಗೂ ಆ ಮಾತೇ ಬೇಕಿತ್ತು.

ಮರುದಿನ ಮುತ್ತು ಮಂಚದ ಕೆಳಗಿನಿಂದ ಈಚೆ ಬರಲಿಲ್ಲ. ತುಪ್ಪ ಹಿಡಿದರೆ ಮುಖ ತಿರುಗಿಸಿತು. ಅದು ಕಕ್ಕಸಿಗೆ ಹೋಗುವ ಮರಳಿನ ತಟ್ಟೆಯೂ ಒಣಗಿತ್ತು. ಅಷ್ಟರಲ್ಲಿ ಅಕ್ಕನ ಫೋನ್.

"ಮುತ್ತು ಎಂತ ಮಾಡ್ತಿದೆ ಮಾರಾಯ್ತಿ?"

"ಮಲಗಿದೆ ಕಣೇ. ಆರಾಮಿದೆ."

ಮಲಗಿದ್ದು ಮಾತ್ರ ನಿಜ.

ಅದರ ಮರುದಿನ ಎತ್ತಿಕೊಳ್ಳಲು ಹೋದರೆ ಚೀರಿತು. ಹೊಟ್ಟೆ ಬಿಗಿದುಕೊಂಡಿತ್ತು. ಪಶುವೈದ್ಯರ ಬಳಿಗೆ ಓಡಿದೆ. ಡಾಕ್ಟರು ಬಾಯಿ ತೆರೆಸಿ, ನಾಲಿಗೆ ಎತ್ತಿ ನೋಡಿದರು.

"ಮನೇಲಿ ಹೊಲಿಗೆ ಮಷಿನ್ ಐತೇನ್ರೀ?"

ನಾಲಿಗೆಯ ಬುಡಕ್ಕೆ ಕೆಂಪು ದಾರ ಸುತ್ತಿಕೊಂಡಿತ್ತು.

ನನ್ನ ಕೈ ತಾನಾಗಿ ಮುಂದೆ ಹೋಯಿತು. "ಎಳೀಬ್ಯಾಡ್ರಿ! ಇನ್ನೊಂದು ತುದಿ ಕರುಳಿನಾಗಿರ್ತದೆ. ಎಳೆದ್ರೆ ಕರುಳೇ ಕೊಯ್ದು ಹೋಗ್ತದೆ" ಎಂದರು.

"ಕೂದಲು ಅಂದ್ಕೊಂಡಿದ್ದೆ ಸರ್."

"ಕೂದಲು ಬಿದ್ದು, ಬೆಕ್ಕು ಊಟ ಮಾಡಿದ್ರೆ ಚಿಂತಿಲ್ರೀ. ಬರೀ ಓಕರಿಸ್ತಾ ಊಟ ಬಿಡ್ತು, ಕಕ್ಕಸಿಗೂ ಹೋಗ್ಲಿಲ್ಲ ಅಂದ್ರೆ ಕಾಯಬಾರ್ದು. ಆವತ್ತೇ ತರ್ಬೇಕು." ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್‌ಗೆ ಶಿವಮೊಗ್ಗಕ್ಕೇ ಹೋಗಬೇಕಿತ್ತು. ಕಾರಿನಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿನ್ನೆ ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಆ ಕಡೆ ಎಳೆಮಗು ಅಳುತ್ತಿತ್ತು.

"ಆಪರೇಷನ್ ಮಾಡ್ಸು. ಆಮೇಲೆ ಮಾತಾಡನ" ಎಂದು ಇಟ್ಟುಬಿಟ್ಟಳು.

ಅಲ್ಲಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿದರೆ, ದಾರಕ್ಕೆ ಸಿಕ್ಕಿ ಕರುಳು ನೆರಿಗೆ ಹಿಡಿದಿತ್ತಂತೆ. ನೆರಿಗೆ ಅಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದಿನವೂ ನಾನೇ ಬಟ್ಟೆಗೆ ದಾರ ಪೋಣಿಸಿ, ಎಳೆದು, ನೆರಿಗೆ ಕೂರಿಸುವವಳು. ಹೊರಗಿನ ಬೆಂಚಿನ ಮೇಲೆ ಕೂತಾಗ ನನ್ನ ಬೆರಳುಗಳನ್ನು ನೋಡಿಕೊಳ್ಳಲಾಗಲಿಲ್ಲ.

ಮುತ್ತು ಉಳಿಯಿತು. ಡ್ರಿಪ್ ಹಾಕಿ ಇಟ್ಟುಕೊಂಡು, ಆಮೇಲೆ ಮನೆಗೆ ಕಳಿಸಿದರು. ಸಿರಿಂಜಿನಲ್ಲಿ ಗಂಜಿಯಂಥ ಆಹಾರ ಹಾಕುವಾಗ ನನ್ನ ಕೈ ಕಂಡರೆ ಕಿವಿ ಹಿಂದಕ್ಕೆ ಮಡಿಸುತ್ತಿತ್ತು. ಆದರೂ ನುಂಗುತ್ತಿತ್ತು.

ಅಕ್ಕ ಬಂದು ಬೋಳಿಸಿದ ಹೊಟ್ಟೆಯನ್ನೂ ಹೊಲಿಗೆಯನ್ನೂ ನೋಡಿದಳು. "ದಾರ ನುಂಗಿದ್ದಕ್ಕೆ ನಿನ್ನ ಎಂತಕ್ಕೆ ಬೈಲಿ? ನಾನಾಗಿದ್ರೂ ಕೂದಲೇ ಅಂತಿದ್ದೆ. ಆದ್ರೆ ನಾನು ಕೇಳ್ದಾಗ ಹೇಳ್ಬೇಕಿತ್ತು ಕಣೇ. ಒಂದಿನ ಮುಂಚೆ ಹೋಗ್ಬಹುದಿತ್ತು."

ಮುತ್ತುವನ್ನು ಬುಟ್ಟಿಯಲ್ಲಿ ಕೂರಿಸಿ ಅಕ್ಕನ ಕೈಗೆ ಕೊಟ್ಟೆ.

ಮೊನ್ನೆ ಭಾನುವಾರ ಸೊರಬಕ್ಕೆ ಹೋಗಿದ್ದೆ. ನನ್ನನ್ನು ಕಂಡದ್ದೇ ಮುತ್ತು ಅಕ್ಕನ ಸೀರೆಯ ಹಿಂದೆ ಸರಿಯಿತು. ನಾನು ಕರೆಯಲಿಲ್ಲ. ಅಕ್ಕ ಚಹಾಕ್ಕೆ ಒಳಗೆ ಹೋದ ಮೇಲೆ ಮೆಲ್ಲಗೆ ಬಂದು ನನ್ನ ಕಾಲು ಮೂಸಿ, ಬಿಸಿಲು ಬಿದ್ದ ಕಡೆ ಹೋಗಿ ಮಲಗಿತು. ಬದುಕಿದೆ. ನನ್ನ ಮಡಿಲಿಗೆ ಬಾ ಎನ್ನುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಅದು ಉಸಿರಾಡುವುದನ್ನು ನೋಡುತ್ತ ಕೂತಿದ್ದೆ.