ಸ್ಪಿಂಡಲ್‌ಗೆ ಪ್ರಾಸ ಹುಡುಕಿ ಕಳ್ಳನಾದೆ

ಗೆಳೆಯರೇ, ಇಂದು ಸಂಜೆಯಿಂದ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಾನು ಕಳ್ಳ.

ಇಂಗ್ಲಿಷರು ಹೋಗಿ ಏಳೆಂಟು ವರ್ಷವಾದರೂ ನಾಳೆ ನಮ್ಮ ಶಾಲೆಯ ತಪಾಸಣೆಗೆ ಬರುವ ಸಾಹೇಬರಿಗೆ ಇಂಗ್ಲಿಷ್ ಸ್ವಾಗತಪದ್ಯವೇ ಬೇಕಂತೆ. ಊರಿನ ಮಗ್ಗಗಳನ್ನು ಹೊಗಳಹೋಗಿ ಮೊದಲ ಸಾಲನ್ನು ‘ಸ್ಪಿಂಡಲ್’ ಎಂದು ಮುಗಿಸಿಬಿಟ್ಟೆ. ನೂಲು ಸುತ್ತುವ ಕದಿರಿಗೆ ಇಂಗ್ಲಿಷರಿಟ್ಟ ಹೆಸರು ಅದು. ಇನ್ನು ಪ್ರಾಸ ಬೇಕಲ್ಲ! ನೇಕಾರ ಈರಪ್ಪನ ಮಗ್ಗದ ಬಡಿತ ನನ್ನ ಸಾಲಿಗೆ ಸರಿಹೊಂದುತ್ತಿತ್ತು. ಅವನ ಕಿಟಕಿಯ ಮುಂದೆ ನಿಂತು, ಬೆರಳು ಮಡಚಿ ಲಯ ಎಣಿಸುತ್ತ ಗುಣುಗಿದೆ: “ಕಿಂಡಲ್, ಡ್ವಿಂಡಲ್... ಬಂಡಲ್ ಅಷ್ಟು ಕೂಡುವುದಿಲ್ಲ...”

ಮಗ್ಗ ನಿಂತಿತು. ಈರಪ್ಪ ಹೊಸ ಸೀರೆಯ ದಡಿಯ ಮೇಲೆ ಟವೆಲ್ ಎಸೆದ. ನೂಲಿನ ಎಳೆಗಳ ಲೆಕ್ಕ ಸಿಕ್ಕರೆ ಆ ಅಂಚಿನ ನಕ್ಷೆಯೇ ಸಿಕ್ಕಂತೆ. ಅದು ಇಲ್ಲಿ ಮನೆಯ ಗುಟ್ಟು.

“ಮಾಸ್ತರ, ಯಾರ ಸಲುವಾಗಿ ಎಳಿ ಎಣಸಾಕತ್ತೀರಿ?”

“ಎಳಿ ಅಲ್ಲಪಾ, ಪ್ರಾಸ.”

“ಖರೇನ? ಹಂಗಾದ್ರ ಒಂದು ಹೇಳ್ರಿ ನೋಡೂಣು.”

ಗಡಿಬಿಡಿಯಲ್ಲಿ ನಾಲಿಗೆಗೆ ಬಂದದ್ದು “ಸ್ವಿಂಡಲ್”.

“ಹಂಗಂದ್ರ ಏನ್ರಿ?”

“ಮೋಸ.”

ಕಿಟಕಿ ಮುಚ್ಚಿತು.

ಓಣಿ ದಾಟುವಷ್ಟರಲ್ಲಿ ಎದುರುಮನೆಯ ನೇಕಾರ ಬಸಣ್ಣ ಹಿಂದೆಯೇ ಬಂದು ಕಿವಿಯಲ್ಲಿ ಕೇಳಿದ: “ಈರಪ್ಪನ ದಡಿಗೆ ಎಷ್ಟ ಎಳಿ? ನನಗಷ್ಟ ಹೇಳ್ರಿ.”

ದೇವರಾಣೆ ಗೊತ್ತಿಲ್ಲ ಎಂದೆ. ಅವನು ಕಣ್ಣು ಕಿರಿದು ಮಾಡಿದ. “ತಿಳೀತ್ ಬಿಡ್ರಿ. ಆಗಲೇ ಬ್ಯಾರೇದವ್ರಿಗೆ ಹೇಳೀರಿ.”

ಪ್ರಾಸಕ್ಕೇನೋ ‘ಸ್ವಿಂಡಲ್’ ಚೆನ್ನಾಗಿಯೇ ಕೂಡುತ್ತದೆ. ಆದರೆ ನಾಳೆ ಅದನ್ನು ಎದುರಿಗೆ ನಿಂತು ಓದಿದರೆ, ಸಾಹೇಬರೂ ತಮ್ಮ ಫೈಲಿನ ಮೇಲೆ ಟವೆಲ್ ಎಸೆದುಕೊಂಡಾರು.