ಭಾವ ಎದ್ದು ನಿಂತಾಗ

ಐವತ್ತರ ದಶಕದಲ್ಲಿ ಧಾರವಾಡದಿಂದ ಮುಂಬಯಿಗೆ ಬಂದವನು ನಾನು. ಇದ್ದದ್ದು ಮಾಟುಂಗದ ಚಾಳಿನ ಒಂದೇ ಖೋಲಿಯಲ್ಲಿ, ಅಕ್ಕ-ಭಾವನ ಜೊತೆ. ಭಾವ ಎದ್ದು ನಿಂತರೆ ನಾನೂ ಎದ್ದು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಅವರು ಮಾತಾಡಿದರೆ ಎದುರಾಡಬಾರದು. ಯಾರೂ ಹೇಳಿಕೊಟ್ಟದ್ದಲ್ಲ, ನಮ್ಮ ಕಡೆ ರೂಢಿಯೇ ಹಾಗೆ.

ಆಗ ನನಗೆ ಬಾಸ್ಕೆಟ್‌ಬಾಲ್ ರೆಫರಿಯಾಗುವ ಹುಚ್ಚು. ಕಲಿಸುತ್ತಿದ್ದವರು ಉಡುಪಿ ಹೋಟೆಲಿನ ಮ್ಯಾನೇಜರು, ಹಳೆಯ ರೆಫರಿ. "ಕೋಚ್ ಬೆಂಚು ಬಿಟ್ಟು ಎದ್ರೆ ಮೊದಲು ಹತ್ರ ಹೋಗಿ ಮೆಲ್ಲ ಹೇಳು ಮಾರಾಯ. ಮತ್ತೂ ಎದ್ರೆ ಫೌಲ್ ಊದಿ ಬಿಡು. ಗಿರಾಕಿ ಅಡಿಗೆಮನೆಗೆ ನುಗ್ಗಿದ್ರೆ ಬಿಡ್ಲಿಕ್ಕೆ ಉಂಟಾ?"

ನನ್ನ ಪರೀಕ್ಷೆಯ ಮ್ಯಾಚು ಬಂತು, ನೋಡಿ ತೀರ್ಮಾನಿಸುವವರೂ ಈ ಗುರುಗಳೇ. ಪಾಸಾದರೆ ರೆಫರಿಗಳ ಪಟ್ಟಿಯಲ್ಲಿ ಹೆಸರು. ನೋಡಿದರೆ ಒಂದು ಬೆಂಚಿನ ಮೇಲೆ ಕೊಡೆ ಹಿಡಿದು ಕೂತ ಭಾವ! ಅವರ ಆಫೀಸಿನ ಟೀಮಿಗೆ ಅವರೇ ಕೋಚು. ಸಂಬಂಧವನ್ನು ಗುರುಗಳಿಗೆ ಆಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಬೆಳಿಗ್ಗೆ ಅಕ್ಕ ಬೇರೆ ನಕ್ಕು ಅಂದಿದ್ದಳು: "ಉಂಡ ಮನೀಗೆ ಎರಡು ಬಗೀಬ್ಯಾಡೋ ತಮ್ಮಾ." ಎಲ್ಲಾ ಗೊತ್ತಿದ್ದೇ ಅಂದಿದ್ದಳು, ಕಳ್ಳಿ.

ಮೊದಲರ್ಧದಲ್ಲಿ ಎದುರು ಟೀಮಿನ ಕೋಚು ಎರಡು ಸಲ ಗೆರೆಯ ತನಕ ಬಂದ. ಒಮ್ಮೆ ಮೆಲ್ಲಗೆ ಹೇಳಿದೆ, ಮತ್ತೊಮ್ಮೆ ಊದಿದೆ. ಆ ಫೌಲಿಗೆ ಭಾವನ ಟೀಮಿಗೆ ಸಿಕ್ಕ ಫ್ರೀ ಥ್ರೋ ಬುಟ್ಟಿಗೆ ಬಿತ್ತು. ಗುರುಗಳು ತಲೆದೂಗಿದರು. ನಾನು ಎದೆಯುಬ್ಬಿಸಿ ಓಡಾಡಿದೆ.

ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಭಾವ ಎದ್ದರು. ಚೆಂಡು ಹೊರಗೆ ಹೋದದ್ದೇ ತಡ, ಹತ್ತಿರ ಹೋಗಿ "ಭಾವ, ಕೂಡ್ರಿ" ಎಂದೆ. ಕೂತರು. ಎರಡೇ ನಿಮಿಷ. ಮತ್ತೆ ಎದ್ದು ಗೆರೆಯ ಮೇಲೇ ನಿಂತು ಕೂಗತೊಡಗಿದರು. ಸೀಟಿ ಹಲ್ಲಲ್ಲಿ ಕಚ್ಚಿಕೊಂಡು ಓಡಿದೆ. ಅವರ ಕಣ್ಣೆಲ್ಲ ಆಟದ ಮೇಲೆ. ಮನೆಯಲ್ಲಿ ಮಾಡುವ ಹಾಗೆ ಕೈಯಲ್ಲಿದ್ದ ಕೊಡೆಯನ್ನು ನನ್ನತ್ತ ಚಾಚಿ, "ಏ, ಹಿಡಿ ಇದನ್ನ" ಎಂದರು.

ಹಿಡಿದೆ! ದರಿದ್ರ ಕೈ, ಕೇಳದೆಯೇ ಮುಂದೆ ಹೋಯಿತು. ಮೈದಾನವೆಲ್ಲ ಹೋ ಎಂದು ನಕ್ಕಿತು. ಕೊಡೆ ಹಿಡಿದುಕೊಂಡೇ ನಿಂತೆ, ಸೀಟಿ ಊದಲಿಲ್ಲ. ಗುರುಗಳು ಎದ್ದು ಹೋಗುವುದು ಕಂಡಿತು. ಭಾವನ ಟೀಮು ಒಂದೇ ಪಾಯಿಂಟಿನಿಂದ ಗೆದ್ದಿತು.

ಸಂಜೆ ಭಾವ, ನಾನು ಇಬ್ಬರೂ ಊಟಕ್ಕೆ ಕೂತೆವು. ಓಡಿಹೋಗಲು ಆ ಊರಲ್ಲಿ ನನಗೆ ಇನ್ನೊಂದು ಬಾಗಿಲಿರಲಿಲ್ಲ. ಭಾವ ರೊಟ್ಟಿ ಮುರಿಯಲೇ ಇಲ್ಲ.

"ಆ ಕೋಚಿಗೆ ಊದಿದಿ. ನನಗ ಯಾಕ ಊದಲಿಲ್ಲ?"

ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ.

"ಗೆದ್ದು ಹೊರಗ ಬಂದ್ರ ಮಂದಿ ಮಾರಿ ಮ್ಯಾಲೆ ಅಂದ್ರು, ಅನ್ನ ಹಾಕಿ ಸಾಕೀದಿ, ಅಂವ ಹ್ಯಾಂಗ ಊದ್ಯಾನು ಅಂತ. ನನ್ನ ಮರ್ಯಾದಿ ಕಳದಿ. ಇನ್ನರ ಹೇಳು, ಯಾಕ ಊದಲಿಲ್ಲ?"

ತಟ್ಟೆ ಸರಿಸಿ ಭಾವ ಎದ್ದು ನಿಂತರು.

ಎಂಜಲು ಕೈಯಲ್ಲೇ ನಾನೂ ಎದ್ದು ಗೋಡೆಗೆ ಒತ್ತಿಕೊಂಡು ನಿಂತೆ.