ರುಚಿ ನೋಡಿದ್ದು ಊಟವಲ್ಲ

ಈಜಿಪ್ಟಿನ ತಾಂತಾ ಪಟ್ಟಣದ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ಸಾಫಳ ಗಾಡಿ ನಿಲ್ಲುತ್ತಿತ್ತು. ಅವರೆಯಂಥ ಅಗಲವಾದ ಫೂಲ್ ಕಾಳು ಸಣ್ಣ ಉರಿಯ ಮೇಲೆ ತಾಮ್ರದ ಗಡಿಗೆಯಲ್ಲಿ ಬೆಳಗಿನವರೆಗೆ ಬೆಂದು ಬೆಣ್ಣೆಯಂತಾಗಿರುತ್ತಿತ್ತು. ಗಿರಾಕಿ ಬಂದಾಗ ತೋಡಿ, ಎಣ್ಣೆ, ನಿಂಬೆರಸ, ಜೀರಿಗೆ, ಉಪ್ಪು ಬೆರೆಸಿ ಬಿಸಿ ರೊಟ್ಟಿಯ ಜೊತೆ ಕೊಡುವುದು. ಉಪ್ಪಿಗೆ ಅಳತೆ ಎಂಬುದಿರಲಿಲ್ಲ. ಪ್ರತಿ ಬೋಗುಣಿ ಕಲಸಿದಾಗಲೂ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ತಲೆಯಾಡಿಸಿದ ಮೇಲೆಯೇ ಕೊಡುವಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅತ್ತೆಯಿಂದ ಕಲಿತದ್ದು. ಅತ್ತೆ ಹೋದರು, ಗಂಡ ಹೋದನು. ಸೌಟನ್ನು ಮಾತ್ರ ಇನ್ಸಾಫ್ ನಲವತ್ತು ವರ್ಷ ಯಾರ ಕೈಗೂ ಕೊಡಲಿಲ್ಲ. ನಾದಿನಿ ನಗ್ಲಾ ರೊಟ್ಟಿ ಎಣಿಸುವುದಕ್ಕೆ, ತಟ್ಟೆ ತೊಳೆಯುವುದಕ್ಕೆ ಇದ್ದಳು, ಅಷ್ಟೆ.

ಆ ವರ್ಷ ಆಕೆಯ ಎಡಪಕ್ಕೆಯಲ್ಲಿ ನೋವು ಕಾಣಿಸಿಕೊಂಡಿತು. ಮೂತ್ರಪಿಂಡದ ಮೇಲೊಂದು ಗಂಟಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆಕೆಯ ತಂದೆ ಅಂಥದೇ ಗಂಟಿನಿಂದ, ಅದೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಕೈರೋದಿಂದ ಎರಡು ವಾರಕ್ಕೊಮ್ಮೆ ಗುರುವಾರ ಬರುವ ಶಸ್ತ್ರವೈದ್ಯರು, "ಸಿ.ಟಿ. ಸ್ಕ್ಯಾನ್ ನೋಡದೆ ನಾನು ಏನೂ ಹೇಳಲಾರೆ" ಎಂದುಬಿಟ್ಟರು. ಆರು ಗಂಟೆ ಕಾಲ ಏನೂ ತಿನ್ನದೆ ಬರಬೇಕು, ನೀರು ಕುಡಿಯಬಹುದು ಎಂದು ಚೀಟಿಯಲ್ಲಿ ಬರೆದಿತ್ತು.

ಗೊತ್ತುಪಡಿಸಿದ ದಿನ ಬೆಳಗಿನ ವ್ಯಾಪಾರ ಮುಗಿಸಿಕೊಂಡೇ ಇನ್ಸಾಫ್ ಆಸ್ಪತ್ರೆಗೆ ಹೋದಳು. ಯಂತ್ರ ನಡೆಸುವ ಸಮೀಹ್ ಕೇಳಿದನು, "ಅಮ್ಮಾ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ದೇವರಾಣೆ ಇಲ್ಲಪ್ಪ."

ತೋಳಿಗೆ ಸೂಜಿ ಚುಚ್ಚಲು ಬಗ್ಗಿದವನು ಮೂಗರಳಿಸಿದನು. "ಜೀರಿಗೆ ವಾಸನೆ ಬರ್ತಿದೆಯಲ್ಲ?"

"ಫೂಲ್ ಮಾರೋಳ ಹತ್ರ ಇನ್ನೇನು ಅತ್ತರು ಬರುತ್ತಾ? ಈಗ ತಾನೆ ರುಚಿ ನೋಡಿ ಬಂದೆ."

"ಎಷ್ಟು ಸಲ ನೋಡಿದ್ರಿ?"

"ಅದನ್ನೆಲ್ಲ ಯಾರು ಎಣಿಸ್ತಾರೆ? ಐವತ್ತು ಬೋಗುಣಿ ಹೋಗಿರ್ಬೇಕು."

ಸಮೀಹ್ ಸೂಜಿಯನ್ನು ಕೆಳಗಿಟ್ಟನು. "ಐವತ್ತು ಸಲ ನೆಕ್ಕಿದ್ರೆ ಒಂದು ತಟ್ಟೆ ಊಟ ಆಯ್ತಲ್ಲಮ್ಮ! ಈ ಔಷಧಿಗೆ ಕೆಲವರಿಗೆ ವಾಂತಿ ಬರುತ್ತೆ. ಅಂಗಾತ ಮಲಗಿದ್ದಾಗ ಉಸಿರಿನ ದಾರಿಗೆ ಹೋದ್ರೆ ಏನ್ ಗತಿ?"

"ರಂಜಾನ್ ಉಪವಾಸದಲ್ಲೇ ಅಡುಗೆಯವಳು ರುಚಿ ನೋಡ್ಬಹುದು ಅಂತ ಮಸೀದಿಯ ಶೇಖ್ ಹೇಳ್ತಾರೆ. ನಿನ್ನ ಮೆಷಿನ್ ದೇವರಿಗಿಂತ ದೊಡ್ಡದಾ?"

"ನೋಡಿ ಉಗುಳು ಅಂತಾರೆ ಶೇಖ್. ನೀವು ಉಗುಳಿದ್ರಾ?"

ಹನ್ನೆರಡು ದಿನಗಳ ನಂತರ ಬರುವಂತೆ ಚೀಟಿ ಕೊಟ್ಟರು. ವೈದ್ಯರ ಒಂದು ಗುರುವಾರ ಹಾಗೆಯೇ ಕಳೆಯಿತು.

ಎರಡನೆಯ ಸಲ ಆಕೆ ತಲೆವಸ್ತ್ರವನ್ನು ಬಾಯಿಗೆ ಅಡ್ಡಲಾಗಿ ಬಿಗಿದು ಕಟ್ಟಿಕೊಂಡು ಗಾಡಿಯ ಹಿಂದೆ ನಿಂತಳು. "ಬ್ಯಾಂಕ್ ದೋಚೋಕೆ ಹೊರಟ್ರಾ ಅತ್ತಿಗೆ?" ಎಂದು ನಗ್ಲಾ ನಕ್ಕಳು. ಏಳು ಗಂಟೆಯವರೆಗೆ ಕಟ್ಟು ನಿಂತಿತು. ಆಗ ಅಂಚೆಕಚೇರಿಯ ನೌಕರ ಶಿಹಾತ ತನ್ನ ಬೋಗುಣಿಯನ್ನು ಮರಳಿ ತಂದಿಟ್ಟು, "ಇದೇನು ದೊಡ್ಡಮ್ಮ, ಆಸ್ಪತ್ರೆ ಊಟ ಇದ್ದಂಗಿದೆ, ಉಪ್ಪೇ ಇಲ್ಲ!" ಎಂದನು. ಇನ್ಸಾಫಳಿಗೆ ಮೈಯೆಲ್ಲ ಉರಿಯಿತು. ವಸ್ತ್ರವನ್ನು ಕತ್ತಿಗೆ ಜಗ್ಗಿ, ಉಪ್ಪು ಹಾಕಿ ನೆಕ್ಕಿದಳು. ಆಮೇಲೆ ವಸ್ತ್ರ ಕತ್ತಿನಲ್ಲಿಯೇ ಉಳಿಯಿತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಗಡಿಗೆಯ ತಳ ಕಂಡಾಗಲೇ ಆಕೆಗೆ ಸ್ಕ್ಯಾನ್ ನೆನಪಾದದ್ದು.

ಸಮೀಹ್ ಈ ಸಲ ಪ್ರಶ್ನೆಯನ್ನು ಬದಲಿಸಿದ್ದನು. "ಅಮ್ಮಾ, ನಾಲಿಗೆಗೆ ಏನಾದ್ರೂ ಮುಟ್ಟಿಸಿದ್ರಾ?"

ನಗ್ಲಾ ಹಿಂದಿನಿಂದ ಚಿವುಟಿದಳು. ಆದರೂ ಇನ್ಸಾಫ್ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಮತ್ತೊಂದು ಚೀಟಿ ಕೈಗೆ ಬಂತು, ಮತ್ತೊಂದು ಗುರುವಾರ ಕೈತಪ್ಪಿತು.

"ಒಂದು ಸುಳ್ಳು ಹೇಳೋಕೂ ಬರಲ್ವಾ ಅತ್ತಿಗೆ ನಿಮಗೆ?" ದಾರಿಯುದ್ದಕ್ಕೂ ನಗ್ಲಾಳದು ಅದೇ ರಾಗ.

"ಬಂದಿದ್ರೆ ಕೆಟ್ಟ ಫೂಲ್ ಮಾರಿ ಇಷ್ಟು ಹೊತ್ತಿಗೆ ಮೂರಂತಸ್ತಿನ ಮನೆ ಕಟ್ತಿದ್ದೆ. ಬಾಯಿ ಮುಚ್ಚು."

ಆ ಎರಡು ವಾರ ಆಕೆ ಎಲ್ಲರ ಮೇಲೂ ಸಿಡುಕಿದಳು. ಪಕ್ಕೆ ಹಿಡಿದುಕೊಂಡಾಗಲೆಲ್ಲ ತಂದೆಯ ಮುಖ ಕಣ್ಣಮುಂದೆ ಬರುತ್ತಿತ್ತು.

ಮೂರನೆಯ ಸಲ ಬೆಳಕು ಹರಿಯುವಾಗಲೇ ಸೌಟನ್ನು ನಗ್ಲಾಳ ಕೈಯಲ್ಲಿಟ್ಟು, ಹಿಂದಿರುಗಿ ನೋಡದೆ ಹೊರಟುಬಿಟ್ಟಳು. ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಮೂರು ಗಂಟೆ ಕುಳಿತಳು. ಅಲ್ಲಿ ನಗ್ಲಾಳ ಕೈಯಲ್ಲಿ ತನ್ನ ಗಾಡಿಯ ಮಾನ ಹೋಗುತ್ತಿದೆಯೆಂದು ಒಳಗೊಳಗೇ ಕುದಿಯುತ್ತಿದ್ದಳು.

ಸಮೀಹ್ ಆಕೆಯ ಮುಖ ನೋಡಿದವನು ಈ ಸಲ ಏನನ್ನೂ ಕೇಳಲಿಲ್ಲ. ರಕ್ತಪರೀಕ್ಷೆಯ ಕಾಗದ ನೋಡಿದನು, ಉಡುಪಿನ ಪಿನ್ನು ತೆಗೆಸಿದನು, ತೋಳಿಗೆ ಸೂಜಿ ಹಾಕಿದನು. "ಮೈಯೆಲ್ಲ ಬಿಸಿ ಆಗುತ್ತೆ. ಬಟ್ಟೆ ಒದ್ದೆ ಆಯ್ತೇನೋ ಅನ್ಸುತ್ತೆ, ಆಗಿರಲ್ಲ. ಹೆದರ್ಬೇಡಿ. ಉಸಿರು ಹಿಡೀರಿ ಅಂದಾಗ ಹಿಡೀರಿ, ಅಲುಗಾಡ್ಬೇಡಿ," ಎಂದು ಗಾಜಿನ ಆಚೆಗೆ ಹೋದನು.

ಆಕೆ ಹೆದರಿದಂತೆ ಯಂತ್ರ ಗುಹೆಯಾಗಿರಲಿಲ್ಲ. ರೊಟ್ಟಿಯ ಒಲೆಬಾಯಿಯಷ್ಟೇ ದೊಡ್ಡದಾದ, ಎರಡೂ ಕಡೆ ತೆರೆದ ಬಳೆ. ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಿದಾಗ ಹಾಸಿಗೆ ತಾನಾಗಿಯೇ ಒಳಗೆ ಸರಿಯಿತು. ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಇಳಿಯಿತು. ಕೂಡಲೇ ನಾಲಿಗೆಗೆ ಒಂದು ರುಚಿ ಹತ್ತಿತು. ಇನ್ಸಾಫ್ ಅದನ್ನು ಗುರುತಿಸಿದಳು. ಹೇಳಿಬಿಡಬೇಕೆಂದು ಬಾಯಿ ತುರಿಸಿತು. ಅಷ್ಟರಲ್ಲಿ "ಉಸಿರು ಹಿಡೀರಿ" ಎಂಬ ದನಿ ಬಂತು. ಆ ಒಂದು ಮಾತನ್ನು ತಡೆದುಕೊಳ್ಳುವುದು ಉಸಿರು ಹಿಡಿಯುವುದಕ್ಕಿಂತ ಕಷ್ಟವಾಯಿತು.

ಹದಿನೈದು ನಿಮಿಷದೊಳಗೆ ಎಲ್ಲ ಮುಗಿಯಿತು. "ಇಷ್ಟಕ್ಕಾ ನನ್ನ ಒಂದು ತಿಂಗಳು ಅಲೆದಾಡಿಸಿದ್ದು?" ಎಂದು ಎದ್ದು ಕುಳಿತಳು. "ನಿನ್ನ ಔಷಧಿ ಪಾತ್ರೆಗೆ ಕಲಾಯಿ ಹೋಗಿದೆ ಕಣಪ್ಪ. ತಾಮ್ರ ಬಿಟ್ಕೊಂಡಿದೆ. ನಾನಾಗಿದ್ರೆ ಅದನ್ನ ಚರಂಡಿಗೆ ಸುರೀತಿದ್ದೆ."

"ಎಲ್ಲರೂ ಬಾಯಿ ಕಬ್ಬಿಣ ಕಬ್ಬಿಣ ಅಂತಾರೆ. ಕಲಾಯಿ ತನಕ ಹೋದವರು ನೀವೊಬ್ರೇ," ಎಂದು ಸಮೀಹ್ ನಕ್ಕನು. "ಚೆನ್ನಾಗಿ ನೀರು ಕುಡೀರಿ, ಔಷಧಿ ಹೊರಗೆ ಹೋಗುತ್ತೆ."

ಗಾಡಿಯ ಬಳಿ ಗಡಿಗೆ ಅರ್ಧ ತುಂಬಿಯೇ ಇತ್ತು. ನಗ್ಲಾಳ ಕಣ್ಣು ಕೆಂಪಾಗಿತ್ತು. "ಶಿಹಾತ ಸಮುದ್ರದ ನೀರು ಅಂದ, ಅತ್ತಿಗೆ." ಇನ್ಸಾಫ್ ಒಂದು ಬೋಗುಣಿ ಕಲಸಿಸಿಕೊಂಡು ಪೂರ್ತಿ ತಿಂದಳು. ಬಾಯಿ ಸುಡುವಷ್ಟು ಉಪ್ಪು.

ಗುರುವಾರ ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದರು. "ನೀರು ತುಂಬಿದ ಚೀಲ ಇದು. ನಿಮ್ಮ ತಂದೆಯವರಿಗಿದ್ದಂಥದಲ್ಲ. ಈಗ ಕೊಯ್ಯೋದೇನೂ ಬೇಡ."

ನಗ್ಲಾ ದೇವರನ್ನು ನೆನೆದು ಅತ್ತಿಗೆಯ ಹಣೆಗೆ ಮುತ್ತಿಟ್ಟಳು.

"ಆದರೆ ಬೆಳೀತಾ ಇದೆಯಾ ಅಂತ ನೋಡ್ಬೇಕು. ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಮಾಡ್ಸಿ."

ಇನ್ಸಾಫಳ ಮುಖ ಬಾಡಿತು. "ಹಸ್ಕೊಂಡು ಬರ್ಬೇಕಾ?"

"ಹೂಂ, ಆರು ಗಂಟೆ."

ಮರುದಿನ ಬೆಳಿಗ್ಗೆ ಮೊದಲ ಬೋಗುಣಿ ಕಲಸಿದಾಗ ಇನ್ಸಾಫ್ ಅದನ್ನು ನೆಕ್ಕಲಿಲ್ಲ. ಸೌಟನ್ನು ಎತ್ತಿ ಹಿಡಿದು, ತಟ್ಟೆ ತೊಳೆಯುತ್ತಿದ್ದ ನಾದಿನಿಯನ್ನು ಗದರಿಸಿ ಕರೆದಳು.

"ಬಾರೇ ಇಲ್ಲಿ. ಆರು ತಿಂಗಳು ಅನ್ನೋದು ಏನೂ ದೂರ ಇಲ್ಲ. ಕೈ ಒರೆಸ್ಕೋ. ಅಂಗೈ ಚಾಚು."